ನಾಯಿಗಳ ಕೃತಕ ಸೊಂಟದ ಕೀಲು: ಯಾಂತ್ರಿಕ ಬಲದ ಪರೀಕ್ಷೆ

ನಾಯಿಯ ಹಾಳಾದ ಸೊಂಟದ ಕೀಲನ್ನು ತೆಗೆದು ಅದರ ಜಾಗದಲ್ಲಿ ಕೂರಿಸುವ ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲು ಎಷ್ಟು ಹೊರೆಯನ್ನು, ಎಷ್ಟು ಸಲ, ಯಾವ ದಿಕ್ಕಿನಿಂದ ಬಂದರೆ ತಾಳುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆಯುವ ಕ್ರಮಗಳಿಗೆ ಒಟ್ಟಾಗಿ ಈ ಹೆಸರು. ಕೃತಕ ಕೀಲಿನಲ್ಲಿ ಮುಖ್ಯವಾಗಿ ಮೂರು ಭಾಗ: ತೊಡೆಮೂಳೆಯ ಒಳಗಿನ ಮಜ್ಜೆಯ ಕೊಳವೆಗೆ ಇಳಿಸುವ ಸ್ಟೆಮ್, ಅದರ ಕತ್ತಿನ ಮೇಲೆ ಕೂರುವ ಚೆಂಡು, ಶ್ರೋಣಿಯ ಗುಳಿಯಲ್ಲಿ ನೆಡುವ ಬಟ್ಟಲು. ಪರೀಕ್ಷೆ ಈ ಮೂರಕ್ಕೂ ಬೇಕು. ಆದರೆ ಬಿಡಿಭಾಗಗಳ ಬಲಕ್ಕಿಂತ ಅವು ಮೂಳೆಯೊಂದಿಗೆ ಬೆಸೆದುಕೊಳ್ಳುವ ಬಲವೇ ನಾಯಿಯ ಮಟ್ಟಿಗೆ ದೊಡ್ಡ ಪ್ರಶ್ನೆ. ಲೋಹ ಮುರಿಯುವುದು ಅಪರೂಪ. ಮೂಳೆ ಸೀಳುವುದು, ಸ್ಟೆಮ್ ಕೆಳಕ್ಕೆ ಕುಸಿಯುವುದು, ಸಿಮೆಂಟು ಬಿಡುವುದು, ಕೀಲು ತಪ್ಪುವುದು ಇವೇ ಶಸ್ತ್ರವೈದ್ಯರ ನಿದ್ದೆಗೆಡಿಸುವ ಸಂಗತಿಗಳು.

ಹಿನ್ನೆಲೆ

ಸೊಂಟದ ಕೀಲಿನ ಡಿಸ್‌ಪ್ಲೇಸಿಯಾ ಎಂಬ ಬೆಳವಣಿಗೆಯ ದೋಷ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ರಾಟ್‌ವೈಲರ್, ಸೇಂಟ್ ಬರ್ನಾರ್ಡ್‌ನಂಥ ದೊಡ್ಡ ತಳಿಗಳಲ್ಲಿ ಹೆಚ್ಚು. ಚೆಂಡು ಗುಳಿಯಲ್ಲಿ ಬಿಗಿಯಾಗಿ ಕೂರದೆ ಅಲುಗಾಡುತ್ತದೆ, ಮೃದ್ವಸ್ಥಿ ಸವೆಯುತ್ತದೆ, ಎರಡು ಮೂರು ವರ್ಷದ ನಾಯಿಯೂ ಮುದಿ ನಾಯಿಯಂತೆ ಏಳಲು ಒದ್ದಾಡುತ್ತದೆ. ತೊಡೆಮೂಳೆಯ ತಲೆಯನ್ನು ಕತ್ತರಿಸಿ ತೆಗೆದು, ಸ್ನಾಯುಗಳ ನಡುವೆ ಹುಸಿ ಕೀಲು ಬೆಳೆಯಲು ಬಿಡುವುದು ಹಳೆಯ, ಅಗ್ಗದ ಪರಿಹಾರ. ಚಿಕ್ಕ ನಾಯಿಗೆ ಅದು ಒಗ್ಗುತ್ತದೆ, ಮೂವತ್ತು ನಲವತ್ತು ಕಿಲೋ ತೂಗುವ ನಾಯಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಅಮೆರಿಕದ ವಾಯುಪಡೆಯಲ್ಲಿದ್ದ ಪಶುವೈದ್ಯ ಹ್ಯಾರಿ ಗೋರ್ಮನ್ 1950ರ ದಶಕದಲ್ಲೇ ನಾಯಿಗಳಿಗೆ ಕೃತಕ ಸೊಂಟದ ಕೀಲನ್ನು ರೂಪಿಸಿದ. ಚಿಕಿತ್ಸೆಯಾಗಿ ಅದು ನೆಲೆಯೂರಿದ್ದು 1970ರ ದಶಕದಲ್ಲಿ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಮಾರ್ವಿನ್ ಓಲ್ಮ್‌ಸ್ಟೆಡ್ ಮತ್ತು ಸಂಗಡಿಗರು 221 ಶಸ್ತ್ರಕ್ರಿಯೆಗಳ ಐದು ವರ್ಷದ ಅನುಭವವನ್ನು 1983ರಲ್ಲಿ ಪ್ರಕಟಿಸಿದರು. ಆಗಿನ ಕೀಲುಗಳನ್ನೆಲ್ಲ ಮೂಳೆ ಸಿಮೆಂಟಿನಿಂದ ಅಂಟಿಸುತ್ತಿದ್ದರು, ಸ್ಟೆಮ್ ಮತ್ತು ಚೆಂಡು ಒಂದೇ ತುಂಡು. ಚೆಂಡನ್ನು ಬೇರೆಯಾಗಿ ಕೂರಿಸುವ ಮಾಡ್ಯುಲರ್ ಕೀಲುಗಳು 1990ರಿಂದೀಚೆಗೆ ಬಂದವು. ಬಯೋಮೆಡ್‌ಟ್ರಿಕ್ಸ್ ಕಂಪನಿಯ ಸಿಎಫ್‌ಎಕ್ಸ್ ಸಿಮೆಂಟಿನದು. ಅದೇ ಕಂಪನಿ 2003ರಲ್ಲಿ ತಂದ ಬಿಎಫ್‌ಎಕ್ಸ್ ಸಿಮೆಂಟಿಲ್ಲದೆ ಬಿಗಿಯಾಗಿ ಬಡಿದು ಕೂರಿಸುವಂಥದು: ಮೇಲ್ಮೈಯ ರಂಧ್ರಗಳೊಳಗೆ ಮೂಳೆ ಬೆಳೆದು ಹಿಡಿದುಕೊಳ್ಳಬೇಕು. ಜ್ಯೂರಿಕ್ ವಿಶ್ವವಿದ್ಯಾಲಯದ ಪಿಯರ್ ಮೊಂಟಾವೊನ್ ಮತ್ತು ಎಂಜಿನಿಯರ್ ಸ್ಲೊಬೊದಾನ್ ತೆಪಿಚ್ ಬೇರೆಯೇ ದಾರಿ ಹಿಡಿದರು. ಅವರ ಸ್ಟೆಮ್ ಕೊಳವೆಯನ್ನು ತುಂಬುವುದಿಲ್ಲ, ತೊಡೆಮೂಳೆಯ ಒಳಬದಿಯ ಗೋಡೆಗೆ ಮಾತ್ರ ಲಾಕಿಂಗ್ ಸ್ಕ್ರೂಗಳಿಂದ ಕಚ್ಚಿಕೊಳ್ಳುತ್ತದೆ.

ಮೂರು ಬಗೆಯ ಹಿಡಿತ ಎಂದರೆ ಸೋಲುವ ಬಗೆಯೂ ಮೂರು. ಸಿಮೆಂಟಿನ ಕೀಲು ಕಾಲಕ್ರಮದಲ್ಲಿ ಸಡಿಲವಾಗುತ್ತದೆ, ಬಡಿದು ಕೂರಿಸಿದ್ದು ಮೊದಲ ವಾರಗಳಲ್ಲೇ ಕುಸಿಯಬಹುದು ಅಥವಾ ಮೂಳೆಯನ್ನು ಸೀಳಬಹುದು, ಸ್ಕ್ರೂ ಹಾಕಿದ್ದರಲ್ಲಿ ಸ್ಕ್ರೂವೋ ಸ್ಟೆಮ್ಮೋ ದಣಿದು ಮುರಿಯಬಹುದು. ಒಂದೇ ಪರೀಕ್ಷೆಯಿಂದ ಮೂರನ್ನೂ ಅಳೆಯಲಾಗದು.

ಕೀಲಿನ ಮೇಲಿನ ಹೊರೆ

ನಾಯಿ ತನ್ನ ತೂಕದ ನೂರರಲ್ಲಿ ಸುಮಾರು 60 ಪಾಲನ್ನು ಮುಂಗಾಲುಗಳ ಮೇಲೂ 40 ಪಾಲನ್ನು ಹಿಂಗಾಲುಗಳ ಮೇಲೂ ಹೊರುತ್ತದೆ. ಅಂದಮೇಲೆ ಒಂದು ಹಿಂಗಾಲಿನ ಕೀಲಿಗೆ ಬರುವುದು ನೂರರಲ್ಲಿ ಇಪ್ಪತ್ತು ಪಾಲು ಮಾತ್ರ ಎನಿಸಬಹುದು. ನಡೆಯುವಾಗ ಲೆಕ್ಕ ಹಾಗಿರುವುದಿಲ್ಲ. ಕಾಲು ನೆಲಕ್ಕೊತ್ತಿದ ಕ್ಷಣದಲ್ಲಿ ಪೃಷ್ಠದ ಸ್ನಾಯುಗಳು ಕೀಲನ್ನು ಜೋರಾಗಿ ಬಿಗಿಹಿಡಿಯುತ್ತವೆ, ಚೆಂಡಿನ ಮೇಲಿನ ಬಲದಲ್ಲಿ ದೊಡ್ಡ ಪಾಲು ಈ ಬಿಗಿತದ್ದೇ. ಒಳಗೆ ವಿಕೃತಿಮಾಪಕ ಅಂಟಿಸಿದ ಕೃತಕ ಕೀಲನ್ನು ಜೀವಂತ ನಾಯಿಯಲ್ಲಿ ಕೂರಿಸಿ ಮಾಡಿದ, 1993ರಲ್ಲಿ ಪ್ರಕಟವಾದ ಅಳತೆಗಳಲ್ಲಿ ಈ ಬಲ ದೇಹತೂಕದ ಸುಮಾರು 1.65 ಪಟ್ಟು ಇತ್ತು. 35 ಕಿಲೋ ತೂಗುವ ಲ್ಯಾಬ್ರಡಾರಿಗೆ ಇದು ಸುಮಾರು 565 ನ್ಯೂಟನ್. ಓಡುವಾಗ, ಜಿಗಿಯುವಾಗ ಇದಕ್ಕಿಂತ ಹೆಚ್ಚು.

ಈ ಬಲ ಸ್ಟೆಮ್ಮಿಗೆ ಏನು ಮಾಡುತ್ತದೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಬಲದ ರೇಖೆ ಸ್ಟೆಮ್ಮಿನ ನಡುಗೆರೆಯಿಂದ 15 ಮಿಲಿಮೀಟರ್ ಆಚೆಗಿದೆ, ಸ್ಟೆಮ್ 8 ಮಿಲಿಮೀಟರ್ ವ್ಯಾಸದ ದುಂಡು ಸರಳು ಎಂದುಕೊಳ್ಳೋಣ. ಬಾಗುವಿಕೆಯಿಂದ ಹುಟ್ಟುವ ಪೀಡನ ಸುಮಾರು 170 ಮೆಗಾಪಾಸ್ಕಲ್. ಅದೇ ಹೊರೆಗೆ ವ್ಯಾಸವನ್ನು 6 ಮಿಲಿಮೀಟರಿಗೆ ಇಳಿಸಿದರೆ ಪೀಡನ 400ಕ್ಕೆ ಏರುತ್ತದೆ. ವ್ಯಾಸದ ಘನಕ್ಕೆ ವಿಲೋಮವಾಗಿ ಬದಲಾಗುವುದರಿಂದ ಎರಡು ಮಿಲಿಮೀಟರಿನ ಜಿಪುಣತನಕ್ಕೆ ಇಷ್ಟು ದಂಡ. ನುಣುಪಾದ ಟೈಟಾನಿಯಮ್ ಮಿಶ್ರಲೋಹ ಲಕ್ಷಾಂತರ ಸುತ್ತುಗಳಲ್ಲಿ ತಾಳುವ ಮಿತಿ 500 ಮೆಗಾಪಾಸ್ಕಲ್‌ನ ಆಸುಪಾಸು. ಸ್ಕ್ರೂ ತೂತೋ ಚೂಪು ಮೂಲೆಯೋ ಇದ್ದರೆ ಅಲ್ಲಿ ಪೀಡನ ಸ್ಥಳೀಯವಾಗಿ ಒಂದೂವರೆ ಎರಡು ಪಟ್ಟಾಗುವುದು ಸಾಮಾನ್ಯ. ಅಲ್ಲಿಗೆ 6 ಮಿಲಿಮೀಟರಿನ ಸ್ಟೆಮ್ ಮಿತಿಯನ್ನು ದಾಟಿದಂತೆಯೇ.

ದೇಹದ ಅಳತೆಗೂ ಇಲ್ಲೊಂದು ಮಾತಿದೆ. ಎಲ್ಲ ಅಳತೆಗಳೂ ಒಂದೇ ಪ್ರಮಾಣದಲ್ಲಿ ಇಮ್ಮಡಿಯಾದ ನಾಯಿಯ ತೂಕ ಎಂಟು ಪಟ್ಟಾಗುತ್ತದೆ, ಅದೇ ಪ್ರಮಾಣದಲ್ಲಿ ದೊಡ್ಡದಾದ ಸ್ಟೆಮ್ಮಿನ ಪೀಡನ ಎರಡು ಪಟ್ಟಾಗುತ್ತದೆ. ಆದ್ದರಿಂದ ಒಂದು ಗಾತ್ರವನ್ನು ಪರೀಕ್ಷಿಸಿ, ಉಳಿದ ಗಾತ್ರಗಳೂ ಪಾಸಾದವು ಎಂದು ಬರೆದುಕೊಳ್ಳುವುದು ಸಲ್ಲದು. ಗ್ರೇಟ್ ಡೇನ್‌ನಂಥ ದೈತ್ಯ ತಳಿಯಲ್ಲಿ ಲೋಹಕ್ಕೆ ಶ್ರಮ ಹೆಚ್ಚು, ಐದು ಕಿಲೋ ನಾಯಿಯಲ್ಲಿ ತೊಂದರೆ ಬೇರೆ: ಕತ್ತು, ಸ್ಕ್ರೂ, ಸಿಮೆಂಟಿನ ಪದರ ಎಲ್ಲವೂ ತಯಾರಿಕೆಯ ಕನಿಷ್ಠ ಮಿತಿಗೆ ಬಂದು ನಿಲ್ಲುತ್ತವೆ, ಅರ್ಧ ಮಿಲಿಮೀಟರಿನ ತಪ್ಪೂ ದೊಡ್ಡದಾಗುತ್ತದೆ.

ಮನುಷ್ಯರಿಂದ ಎರವಲು ತಂದ ಮಾನದಂಡಗಳು

ನಾಯಿಯ ಸ್ಟೆಮ್ಮಿಗೆಂದೇ ಹೊರೆ, ಕೋನ, ಸುತ್ತುಗಳನ್ನು ನಿಗದಿಪಡಿಸಿದ, ಎಲ್ಲರೂ ಒಪ್ಪಿ ಬಳಸುವ ಮಾನದಂಡ ರೂಢಿಯಲ್ಲಿಲ್ಲ. ಹಾಗಾಗಿ ಪ್ರಯೋಗಾಲಯಗಳು ಮನುಷ್ಯರ ಕೀಲಿನ ಮಾನದಂಡಗಳನ್ನೇ ಕತ್ತರಿಸಿ ಹೊಲಿದುಕೊಳ್ಳುತ್ತವೆ. ಸ್ಟೆಮ್ಮಿನ ಬಾಳಿಕೆಗೆ ಐಎಸ್‌ಒ 7206-4, ಕತ್ತಿನ ಬಾಳಿಕೆಗೆ ಐಎಸ್‌ಒ 7206-6, ಚೆಂಡು ಮತ್ತು ಕತ್ತಿನ ಹಿಡಿತಕ್ಕೆ ಐಎಸ್‌ಒ 7206-10, ಸವೆತಕ್ಕೆ ಐಎಸ್‌ಒ 14242.

ಮೊದಲನೆಯದನ್ನು ಹತ್ತಿರದಿಂದ ನೋಡಿದರೆ ಎರವಲಿನ ತೊಡಕು ಕಾಣುತ್ತದೆ. ಸ್ಟೆಮ್ಮಿನ ಕೆಳಭಾಗವನ್ನು ಸಿಮೆಂಟಿನಲ್ಲಿ ಹೂತು, ಮೇಲ್ಭಾಗವನ್ನು ಆಸರೆಯಿಲ್ಲದೆ ಬಿಡುತ್ತಾರೆ. ಮೇಲೆ ಮೂಳೆ ಕರಗಿ ಹೋಗಿ ತುದಿ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿರುವ ದುಃಸ್ಥಿತಿಯ ಅನುಕರಣೆ ಅದು. ಸ್ಟೆಮ್ಮನ್ನು ಒಂದು ಬದಿಗೆ 10 ಡಿಗ್ರಿ, ಇನ್ನೊಂದು ಸಮತಲದಲ್ಲಿ 9 ಡಿಗ್ರಿ ಓರೆ ಮಾಡಿ ನಿಲ್ಲಿಸಿ, ಚೆಂಡಿನ ಮೇಲೆ 50 ಲಕ್ಷ ಸಲ ಹೊರೆ ಹಾಕಿ ತೆಗೆಯುತ್ತಾರೆ. ಸಾಮಾನ್ಯ ಉದ್ದದ ಸ್ಟೆಮ್ಮಿಗೆ ಗರಿಷ್ಠ ಹೊರೆ 2300 ನ್ಯೂಟನ್. ಮುರಿಯದಿದ್ದರೆ ಪಾಸು. ಕತ್ತಿನ ಪರೀಕ್ಷೆ ಇನ್ನೂ ಕಠಿಣ: 5340 ನ್ಯೂಟನ್, ಒಂದು ಕೋಟಿ ಸುತ್ತು.

ಇದರಲ್ಲಿ ಯಾವುದೂ ನಾಯಿಗೆ ನೇರವಾಗಿ ಹೊಂದುವುದಿಲ್ಲ. 2300 ನ್ಯೂಟನ್ ಎಂದರೆ ಮೇಲೆ ಹೇಳಿದ ಲ್ಯಾಬ್ರಡಾರಿನ ನಡಿಗೆಯ ಹೊರೆಯ ನಾಲ್ಕು ಪಟ್ಟು. ಹೂಳುವ ಮಟ್ಟವನ್ನು ಚೆಂಡಿನ ಕೇಂದ್ರದಿಂದ 80 ಮಿಲಿಮೀಟರ್ ಕೆಳಗೆ ಎಂದು ಇಟ್ಟಿದೆ. ಚಿಕ್ಕ ನಾಯಿಯ ಇಡೀ ಸ್ಟೆಮ್ಮೇ ಅಷ್ಟುದ್ದ ಇರದು, ಸಿಮೆಂಟಿನಲ್ಲಿ ಹೂಳಲು ಏನೂ ಉಳಿಯುವುದಿಲ್ಲ. 10 ಮತ್ತು 9 ಡಿಗ್ರಿಗಳ ಓರೆ ಎರಡು ಕಾಲಿನ ಮೇಲೆ ನೆಟ್ಟಗೆ ನಡೆಯುವವರದು. ನಾಯಿ ನಿಂತಿದ್ದಾಗಲೂ ಅದರ ತೊಡೆಮೂಳೆ ಮುಂದಕ್ಕೆ ಬಾಗಿರುತ್ತದೆ, ಬಲ ಸ್ಟೆಮ್ಮನ್ನು ಬಾಗಿಸುವುದರ ಜೊತೆಗೆ ತಿರುಚುತ್ತದೆ ಕೂಡ. ತಿರುಚುವಿಕೆಯನ್ನು ಬಿಟ್ಟು ಬರಿಯ ಬಾಗುವಿಕೆಗೆ ಪರೀಕ್ಷಿಸಿದ ಸ್ಟೆಮ್ಮಿನ ಪ್ರಮಾಣಪತ್ರ ನೋಡಲು ಚೆಂದ, ನಾಯಿಗೆ ಉಪಯೋಗ ಕಡಿಮೆ. ಆದ್ದರಿಂದ ಅನುಭವಸ್ಥರು ಮಾನದಂಡದ ಅಕ್ಷರವನ್ನು ಬಿಟ್ಟು ತರ್ಕವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ: ಹೊರೆಯನ್ನು ಉದ್ದೇಶಿತ ಗರಿಷ್ಠ ದೇಹತೂಕಕ್ಕೆ ತಕ್ಕಂತೆ ಇಳಿಸುತ್ತಾರೆ, ಹೂಳುವ ಮಟ್ಟವನ್ನು ಸ್ಟೆಮ್ಮಿನ ಉದ್ದದ ಪಾಲಾಗಿ ಇಟ್ಟುಕೊಳ್ಳುತ್ತಾರೆ, ಕೋನವನ್ನು ನಾಯಿಯ ನಡಿಗೆಯ ಅಳತೆಗಳಿಂದ ತೆಗೆದುಕೊಳ್ಳುತ್ತಾರೆ.

ಕಾನೂನಿನ ಒತ್ತಾಯವೂ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದಲ್ಲಿ ಪ್ರಾಣಿಗಳ ವೈದ್ಯಕೀಯ ಸಾಧನಗಳಿಗೆ ಮಾರಾಟಪೂರ್ವ ಅನುಮೋದನೆ ಬೇಕಿಲ್ಲ, ಸುರಕ್ಷತೆಯ ಹೊಣೆ ತಯಾರಕರದೇ. ಭಾರತದಲ್ಲಿ 2020ರ ಫೆಬ್ರವರಿಯಲ್ಲಿ ಹೊರಟ ಅಧಿಸೂಚನೆ ವೈದ್ಯಕೀಯ ಸಾಧನದ ವ್ಯಾಖ್ಯೆಯಲ್ಲಿ ಮನುಷ್ಯರ ಜೊತೆಗೆ ಪ್ರಾಣಿಗಳನ್ನೂ ಸೇರಿಸಿದೆ.

ಲೋಹದ ದಣಿವು

ಒಂದೇ ಏಟಿಗೆ ಮುರಿಯದ ಲೋಹ, ಅದಕ್ಕಿಂತ ಎಷ್ಟೋ ಕಡಿಮೆ ಹೊರೆ ಮತ್ತೆ ಮತ್ತೆ ಬಿದ್ದರೆ ಮುರಿಯುತ್ತದೆ ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನ್ ಎಂಜಿನಿಯರ್ ಆಗಸ್ಟ್ ವೋಲರ್ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ. ಇಂದಿಗೂ ಪರೀಕ್ಷೆಯ ತಿರುಳು ಅದೇ. ಸರ್ವೊ ಹೈಡ್ರಾಲಿಕ್ ಯಂತ್ರ ಸೆಕೆಂಡಿಗೆ ಹಲವು ಸಲ ಒತ್ತಿ ಬಿಡುತ್ತದೆ, ಒಂದು ಸ್ಟೆಮ್ ಮುರಿದರೆ ಮುಂದಿನದಕ್ಕೆ ಹೊರೆ ಒಂದು ಮೆಟ್ಟಿಲು ಕಡಿಮೆ, ಉಳಿದರೆ ಒಂದು ಮೆಟ್ಟಿಲು ಹೆಚ್ಚು. ಹೀಗೆ ಏರಿಳಿದು ತಾಳಿಕೆಯ ಮಿತಿಯನ್ನು ಅಂದಾಜು ಮಾಡುತ್ತಾರೆ. ಮನುಷ್ಯನ ಒಂದು ಕಾಲಿಗೆ ವರ್ಷಕ್ಕೆ ಹತ್ತು ಲಕ್ಷ ಹೆಜ್ಜೆ ಎಂಬುದು ಈ ಕ್ಷೇತ್ರದ ರೂಢಿಯ ಲೆಕ್ಕ. ಗಿಡ್ಡ ಕಾಲಿನ ನಾಯಿ ಅದೇ ದೂರಕ್ಕೆ ಹೆಚ್ಚು ಹೆಜ್ಜೆ ಹಾಕುತ್ತದೆ. ಒಂದೆರಡು ವರ್ಷದ ಪ್ರಾಯದಲ್ಲೇ ಶಸ್ತ್ರಕ್ರಿಯೆಯಾದ ನಾಯಿ ಇನ್ನೂ ಹತ್ತು ವರ್ಷ ಓಡಾಡಬೇಕು. ಆದ್ದರಿಂದ ಆಯುಸ್ಸು ಕಡಿಮೆ ಎಂಬ ಕಾರಣಕ್ಕೆ ಸುತ್ತುಗಳ ಸಂಖ್ಯೆಯನ್ನು ಇಳಿಸುವುದು ಸರಿಯಲ್ಲ.

ಮುರಿದ ಮುಖವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿರುಕು ಹೊರಟ ಜಾಗ ಸಿಗುತ್ತದೆ. ಅಲೆಯಂಥ ಗೆರೆಗಳು ಅಲ್ಲಿಂದ ಹೊರಟು ಹರಡಿರುತ್ತವೆ, ಕೊನೆಗೆ ಒಮ್ಮೆಗೇ ಕಳಚಿದ ಭಾಗ ಒರಟಾಗಿರುತ್ತದೆ. ಬಿರುಕು ಹೊರಡುವುದು ಬಹುಪಾಲು ಹಿಗ್ಗುವ ಬದಿಯಲ್ಲಿ, ತೂತಿನ ಅಂಚಿನಲ್ಲಿ ಇಲ್ಲವೇ ರಂಧ್ರಮಯ ಲೇಪದ ಮಣಿ ಮತ್ತು ಸ್ಟೆಮ್ ಬೆಸೆದ ಬುಡದಲ್ಲಿ. ಮೂಳೆ ಬೆಳೆಯಲೆಂದು ಹಾಕಿದ ಲೇಪವೇ ಲೋಹದ ತಾಳಿಕೆಯನ್ನು ತಗ್ಗಿಸುತ್ತದೆ, ಇದು ವಿನ್ಯಾಸಕಾರನ ನಿತ್ಯದ ಕೊಡು-ಕೊಳ್ಳುವಿಕೆ.

ಮೂಳೆಯಲ್ಲಿ ಕೂರಿಸಿ ಮಾಡುವ ಪರೀಕ್ಷೆ

ನಾಯಿಯ ಕೀಲಿನ ಬಗ್ಗೆ ಹೆಚ್ಚು ಹೇಳುವ ಪರೀಕ್ಷೆ ಇದು. ಬೇರೆ ಕಾರಣಗಳಿಂದ ಸತ್ತ ನಾಯಿಗಳ ತೊಡೆಮೂಳೆಗಳನ್ನು ಜೋಡಿಯಾಗಿ ತೆಗೆದುಕೊಂಡು, ಲವಣದ್ರವದಲ್ಲಿ ನೆನೆಸಿದ ಬಟ್ಟೆ ಸುತ್ತಿ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಟ್ಟಿರುತ್ತಾರೆ. ಎಡದ್ದಕ್ಕೆ ಒಂದು ವಿನ್ಯಾಸ, ಬಲದ್ದಕ್ಕೆ ಇನ್ನೊಂದು; ಯಾವುದಕ್ಕೆ ಯಾವುದು ಎಂಬುದನ್ನು ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸುತ್ತಾರೆ. ಒಂದೇ ನಾಯಿಯ ಎರಡು ಮೂಳೆಗಳಾದ್ದರಿಂದ ವಯಸ್ಸು, ತೂಕ, ಸಾಂದ್ರತೆಗಳ ವ್ಯತ್ಯಾಸ ಬಹುಮಟ್ಟಿಗೆ ಹೊರಬೀಳುತ್ತದೆ. ಎಕ್ಸ್‌ರೇ ನೋಡಿ ಗಾತ್ರ ಆರಿಸಿ, ತೊಡೆಮೂಳೆಯ ತಲೆ ಕತ್ತರಿಸಿ, ಕೊಳವೆಯನ್ನು ಅರದಂಥ ಬ್ರೋಚ್‌ನಿಂದ ಕೊರೆದು, ಸ್ಟೆಮ್ಮನ್ನು ಸುತ್ತಿಗೆಯಿಂದ ಬಡಿದು ಇಳಿಸುತ್ತಾರೆ. ಮೂಳೆಯ ಕೆಳತುದಿಯನ್ನು ಲೋಹದ ಡಬ್ಬಿಯಲ್ಲಿ ಅಕ್ರಿಲಿಕ್ ಸುರಿದು ಗಟ್ಟಿ ಮಾಡಿ ಯಂತ್ರಕ್ಕೆ ಕಚ್ಚಿಸುತ್ತಾರೆ.

ಹೊರೆ ಏರುತ್ತಿದ್ದಂತೆ ಮೊದಲು ಸ್ಟೆಮ್ ಸ್ವಲ್ಪ ಇಳಿದು ಕೂರುತ್ತದೆ, ಗ್ರಾಫಿನ ಗೆರೆ ಮೆಲ್ಲನೆ ಬಾಗಿ ಆಮೇಲೆ ನೇರವಾಗುತ್ತದೆ. ಆಗೀಗ ಚಟ್ ಎಂಬ ಸದ್ದಿನೊಂದಿಗೆ ಗೆರೆಯಲ್ಲಿ ಸಣ್ಣ ಕಚ್ಚು ಬೀಳುತ್ತದೆ: ಎಲ್ಲೋ ಕೂದಲೆಳೆಯ ಬಿರುಕು. ಕೊನೆಗೆ ಗೆರೆ ಒಮ್ಮೆಗೇ ಕೆಳಗೆ ಬೀಳುವಾಗ ತೊಡೆಮೂಳೆ ಉದ್ದಕ್ಕೆ ಸುರುಳಿಯಾಗಿ ಸೀಳಿರುತ್ತದೆ. ಬಡಿದು ಕೂರಿಸಿದ ಸ್ಟೆಮ್ ಸೌದೆ ಸೀಳುವ ಬೆಣೆಯಂತೆ ವರ್ತಿಸುತ್ತದೆ. ಕೆಳಗಿಳಿದಷ್ಟೂ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಹೊರಕ್ಕೆ ತಳ್ಳುವ ಈ ಬಲವೇ ಅದರ ಹಿಡಿತ, ಅದೇ ಮೂಳೆಯ ಗಂಡಾಂತರವೂ ಹೌದು. ಸಡಿಲವಾದರೆ ಕುಸಿಯುತ್ತದೆ, ಬಿಗಿ ಹೆಚ್ಚಾದರೆ ಸೀಳುತ್ತದೆ.

ಮೂಳೆಯ ಆಕಾರಕ್ಕೆ ಇಲ್ಲಿ ಮಹತ್ವವಿದೆ. ಮೇಲ್ತುದಿಯ ಕೊಳವೆಯ ಅಗಲವನ್ನು ನಡುವಿನ ಕಿರಿದಾದ ಅಗಲದಿಂದ ಭಾಗಿಸಿದ ಸಂಖ್ಯೆ 1.8ಕ್ಕಿಂತ ಕಡಿಮೆಯಿದ್ದರೆ ಕೊಳವೆ ಮೇಲಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಅಗಲವಾಗಿರುತ್ತದೆ, ಬೆಣೆಗೆ ಕಚ್ಚಿಕೊಳ್ಳಲು ಇಳಿಜಾರು ಸಿಗುವುದಿಲ್ಲ. 2.5ಕ್ಕಿಂತ ಹೆಚ್ಚಿದ್ದರೆ ಮೇಲೆ ಅಗಲ, ಕೆಳಗೆ ಕಿರಿದು. ಜರ್ಮನ್ ಶೆಫರ್ಡ್‌ಗಳಲ್ಲಿ ಮೊದಲ ಬಗೆ ಕಾಣುವುದು ಹೆಚ್ಚೆಂದು ಶಸ್ತ್ರವೈದ್ಯರು ಎಚ್ಚರದಿಂದಿರುತ್ತಾರೆ. ಕುಸಿತ ತಡೆಯಲು ಸ್ಟೆಮ್ಮಿಗೆ ಕೊರಳುಪಟ್ಟಿ ಸೇರಿಸಿದ್ದು, ಹೊರಬದಿಯಿಂದ ಬೋಲ್ಟ್ ಹಾಕಿದ್ದು, ಸೀಳು ತಡೆಯಲು ಮೂಳೆಗೆ ಮುಂಚಿತವಾಗಿ ತಂತಿ ಬಿಗಿಯುವುದು ಇವೆಲ್ಲ ಇಂಥ ಜೋಡಿ ಮೂಳೆಗಳ ಪರೀಕ್ಷೆಗೆ ಒಳಗಾದ ಸುಧಾರಣೆಗಳು.

ನೇರ ಒತ್ತಡದ ಜೊತೆಗೆ ತಿರುಚುವ ಪರೀಕ್ಷೆಯೂ ಬೇಕು, ಏಕೆಂದರೆ ನಾಯಿ ಹಿಂಗಾಲು ಮಡಚಿ ಏಳುವಾಗ, ತಟ್ಟನೆ ತಿರುಗುವಾಗ ಸ್ಟೆಮ್ ಕೊಳವೆಯೊಳಗೆ ತಿರುಗಲು ನೋಡುತ್ತದೆ. ಬಟ್ಟಲಿಗೆ ಇನ್ನೂ ಸರಳ ಪರೀಕ್ಷೆಗಳಿವೆ: ಹಿಂದಿನಿಂದ ತಳ್ಳಿ ಹೊರಹಾಕುವುದು, ಅಂಚಿಗೆ ಮೀಟು ಹಾಕಿ ಎಬ್ಬಿಸುವುದು, ಸುತ್ತ ತಿರುಗಿಸುವುದು.

ಸೂಕ್ಷ್ಮ ಚಲನೆ ಮತ್ತು ನಾಯಿಯ ಋಣ

ಸಿಮೆಂಟಿಲ್ಲದ ಕೀಲಿನ ಮೇಲ್ಮೈಯಲ್ಲಿ ಮೂಳೆ ಬೆಳೆಯಬೇಕಾದರೆ ಎರಡರ ನಡುವಿನ ಅಲುಗಾಟ ತೀರಾ ಸಣ್ಣದಾಗಿರಬೇಕು. ಎಷ್ಟು ಸಣ್ಣದು ಎಂಬುದಕ್ಕೆ ಉತ್ತರ ಬಂದದ್ದು ನಾಯಿಗಳಿಂದಲೇ. ರಾಬರ್ಟ್ ಪಿಲಿಯರ್ ತಂಡ 1986ರಲ್ಲಿ, ಮುರಳಿ ಜಾಸ್ತಿ ತಂಡ 1997ರಲ್ಲಿ ಪ್ರಕಟಿಸಿದ ನಾಯಿಗಳ ಪ್ರಯೋಗಗಳ ಪ್ರಕಾರ 20ರಿಂದ 30 ಮೈಕ್ರಾನ್ ಒಳಗಿನ ಅಲುಗಾಟವಿದ್ದಾಗ ಮೂಳೆ ರಂಧ್ರಗಳೊಳಗೆ ಬೆಳೆಯುತ್ತದೆ, 150 ಮೈಕ್ರಾನ್ ತಲುಪಿದರೆ ಮೂಳೆಯ ಬದಲು ನಾರಿನ ಅಂಗಾಂಶ ಬೆಳೆಯುತ್ತದೆ. ಸುಮಾರು 40 ಮೈಕ್ರಾನ್ ಅರೆಬರೆ ಸ್ಥಿತಿ. ಮನುಷ್ಯರ ಸಿಮೆಂಟಿಲ್ಲದ ಸೊಂಟದ ಕೀಲುಗಳ ವಿನ್ಯಾಸ ಇಂದಿಗೂ ಈ ಅಂಕಿಗಳನ್ನು ಆಧರಿಸಿದೆ. ಮನುಷ್ಯರ ಕೀಲಿನ ರಂಧ್ರಮಯ ಲೇಪ, ಗಡಸು ಸ್ಟೆಮ್ಮಿನಿಂದ ಮೂಳೆಗೆ ಹೊರೆ ತಪ್ಪಿ ಅದು ಸವಕಲಾಗುವ ವಿದ್ಯಮಾನ, ಎರಡರ ಪರೀಕ್ಷೆಗೂ ನಾಯಿಗಳೇ ಬಲಿಪಶುಗಳಾದವು. ತಮ್ಮ ಕೀಲಿಗೆಂದೇ ಬರೆದ ಮಾನದಂಡವನ್ನು ಮಾತ್ರ ಅವು ಇನ್ನೂ ಪಡೆದಿಲ್ಲ.

ಈಗ ಈ ಅಲುಗಾಟವನ್ನು ಸತ್ತ ಮೂಳೆಯಲ್ಲಿ ಸೂಕ್ಷ್ಮ ಸ್ಥಾನಾಂತರ ಮಾಪಕಗಳಿಂದ ಅಳೆಯುತ್ತಾರೆ, ಸೀಮಿತಾಂಶ ವಿಶ್ಲೇಷಣೆಯ ಗಣಕ ಮಾದರಿಯಿಂದ ಮೊದಲೇ ಅಂದಾಜು ಮಾಡುತ್ತಾರೆ. ಸತ್ತ ಮೂಳೆ ಹೇಳಬಲ್ಲದ್ದು ಶಸ್ತ್ರಕ್ರಿಯೆಯ ದಿನದ ಸ್ಥಿತಿಯನ್ನಷ್ಟೇ. ಸ್ನಾಯುಗಳ ಎಳೆತ ಅದರಲ್ಲಿಲ್ಲ, ಮೂಳೆ ಬೆಳೆದು ಬಿಗಿಯಾಗುವುದೂ ಕರಗಿ ಸಡಿಲವಾಗುವುದೂ ಇಲ್ಲ. ಆದರೂ ಬಡಿದು ಕೂರಿಸಿದ ಕೀಲಿಗೆ ಆ ಮೊದಲ ದಿನವೇ ನಿರ್ಣಾಯಕ. ಮನುಷ್ಯನಿಗೆ ಆರು ವಾರ ಊರುಗೋಲು ಹಿಡಿ ಎನ್ನಬಹುದು. ಮನೆಗೆ ಬಂದ ಮರುದಿನವೇ ಬಾಗಿಲ ಗಂಟೆ ಕೇಳಿ ಸೋಫಾದಿಂದ ಹಾರುವ ನಾಯಿಗೆ ಯಾರು ಹೇಳುವುದು? ಒಂದು ಕೋಟಿ ಸುತ್ತಿನ ದಣಿವಿನ ಪರೀಕ್ಷೆಗಿಂತ ಆ ಒಂದು ಜಿಗಿತಕ್ಕೆ ಸಮನಾದ ಹೊರೆಯ ಪರೀಕ್ಷೆ ಹೆಚ್ಚು ಬೆಲೆಯುಳ್ಳದ್ದು.

ಸಿಮೆಂಟು ಮತ್ತು ಸವೆತ

ಸಿಮೆಂಟಿನ ಕೀಲುಗಳಲ್ಲಿ ಸಡಿಲಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ, ವರ್ಷಗಟ್ಟಲೆ ಬಳಸಿದ ನಾಯಿಗಳು ಸತ್ತ ಮೇಲೆ ಹೊರತೆಗೆದ ಮೂಳೆಗಳು. 2005ರಲ್ಲಿ ಪ್ರಕಟವಾದ ಇಂಥ 38 ಸ್ಟೆಮ್ಮುಗಳ ಪರಿಶೀಲನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಡಿಲವಾಗಿದ್ದವು. ಸಿಮೆಂಟು ಮೂಳೆಯಿಂದ ಬಿಡುವುದಕ್ಕಿಂತ ಲೋಹದಿಂದ ಬಿಡುವುದೇ ಎದ್ದು ಕಂಡಿತು. ಗಟ್ಟಿಯಾದ ಸಿಮೆಂಟು ಒತ್ತಿದರೆ 70 ಮೆಗಾಪಾಸ್ಕಲ್‌ಗಿಂತ ಹೆಚ್ಚು ತಾಳುತ್ತದೆ, ಎಳೆದರೆ ಅದರ ಅರ್ಧವನ್ನೂ ತಾಳಲಾರದು. ಪದರ ತೆಳುವಾದ ಕಡೆ ಅಥವಾ ಗಾಳಿಗುಳ್ಳೆ ಉಳಿದ ಕಡೆ ಬಿರುಕು ಹುಟ್ಟುತ್ತದೆ. ನಾಯಿಯ ಕಿರಿದಾದ ಕೊಳವೆಯಲ್ಲಿ ಸುತ್ತಲೂ ಒಂದೇ ದಪ್ಪದ ಪದರ ಉಳಿಸುವುದು ಕೈಚಳಕದ ಕೆಲಸ.

ಸವೆತದ ಪರೀಕ್ಷೆಗೆ ಮನುಷ್ಯರ ಇತಿಹಾಸದಲ್ಲಿ ಪ್ರಸಿದ್ಧ ಪ್ರಸಂಗವೊಂದಿದೆ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ ಮೊದಲು ಬಳಸಿದ ಟೆಫ್ಲಾನ್ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದುಹೋದವು. 1962ರಲ್ಲಿ ಅವನ ಸಹಾಯಕ ಹ್ಯಾರಿ ಕ್ರೇವನ್ ಹೊಸ ಪಾಲಿಥೀನ್ ತುಂಡೊಂದನ್ನು ಸವೆತದ ಯಂತ್ರಕ್ಕೆ ಹಾಕಿದ. ಮೂರು ವಾರ ಹಗಲಿರುಳು ಓಡಿದರೂ ಅದು ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಸವೆದಿರಲಿಲ್ಲ. ನಾಯಿಗಳ ಬಟ್ಟಲಿನ ಒಳಪದರವೂ ಅದೇ ಅತಿ ಹೆಚ್ಚು ಅಣುತೂಕದ ಪಾಲಿಥೀನ್. ಪರೀಕ್ಷೆಯಲ್ಲಿ ಕೀಲನ್ನು ದನದ ರಕ್ತಸಾರದ ದ್ರಾವಣದಲ್ಲಿ ಮುಳುಗಿಸಿ, 37 ಡಿಗ್ರಿ ಶಾಖದಲ್ಲಿ, ಸೆಕೆಂಡಿಗೆ ಸುಮಾರು ಒಂದು ಹೆಜ್ಜೆಯಂತೆ ನಡೆಸಿ, ಆಗಾಗ ಬಟ್ಟಲನ್ನು ತೂಗಿ ನೋಡುತ್ತಾರೆ. ನಾಯಿಯ ಚೆಂಡು ಚಿಕ್ಕದು, ಒಳಪದರವೂ ತೆಳು, ಆದ್ದರಿಂದ ಸವೆತ ಕಡಿಮೆಯಿದ್ದರೂ ಒಳಗಿನ ಲೋಹ ಕಾಣಿಸಿಕೊಳ್ಳಲು ತಡವಾಗದು. ಬರಿಯ ಟೈಟಾನಿಯಮ್ ಚೆಂಡು ಪಾಲಿಥೀನನ್ನು ಬೇಗ ಹಾಳುಮಾಡುತ್ತದೆ. ಅದಕ್ಕೇ ಚೆಂಡನ್ನು ಕೋಬಾಲ್ಟ್-ಕ್ರೋಮಿಯಮ್ಮಿನಲ್ಲಿ ಮಾಡುತ್ತಾರೆ, ಇಲ್ಲವೇ ಟೈಟಾನಿಯಮ್ಮಿಗೆ ಗಡಸು ಲೇಪ ಕೊಡುತ್ತಾರೆ.

ಮುದ್ರಿಸಿದ ಕೀಲುಗಳು

ಎಲೆಕ್ಟ್ರಾನ್ ಕಿರಣದಿಂದ ಟೈಟಾನಿಯಮ್ ಪುಡಿಯನ್ನು ಪದರ ಪದರವಾಗಿ ಕರಗಿಸಿ ಮುದ್ರಿಸುವ ಕ್ರಮ ಈಗ ನಾಯಿಗಳ ಕೀಲಿಗೂ ಬಂದಿದೆ. ಲೇಪ ಬೇರೆ, ಸ್ಟೆಮ್ ಬೇರೆ ಎಂಬ ತೊಂದರೆ ಇದರಲ್ಲಿಲ್ಲ, ರಂಧ್ರಮಯ ಜಾಲರಿಯೂ ಒಂದೇ ಬಾರಿಗೆ ಬೆಳೆದು ಬರುತ್ತದೆ. ಆದರೆ ಮುದ್ರಿಸಿದ ಹಾಗೇ ಬಿಟ್ಟ ಒರಟು ಮೇಲ್ಮೈ ಮತ್ತು ಒಳಗಿನ ಗುಳ್ಳೆಗಳಿಂದ ದಣಿವಿನ ಮಿತಿ ಕಡೆದು ಮಾಡಿದ ಲೋಹದ ಅರ್ಧಕ್ಕಿಂತ ಕೆಳಗಿಳಿಯಬಹುದು. ಬಿಸಿ ಮತ್ತು ಒತ್ತಡದ ಸಂಸ್ಕಾರ ಗುಳ್ಳೆಗಳನ್ನು ಮುಚ್ಚುತ್ತದೆ, ಒರಟುತನವನ್ನಲ್ಲ. ಆದ್ದರಿಂದ ಕತ್ತು ಮತ್ತು ಸ್ಕ್ರೂ ತೂತುಗಳಂಥ ಹೆಚ್ಚು ಪೀಡನದ ಜಾಗಗಳನ್ನು ಮುದ್ರಣದ ನಂತರ ಯಂತ್ರದಲ್ಲಿ ನುಣುಪು ಮಾಡಬೇಕಾಗುತ್ತದೆ. ಒಂದೇ ನಾಯಿಯ ಸಿಟಿ ಸ್ಕ್ಯಾನ್ ನೋಡಿ ಅದಕ್ಕೆಂದೇ ಮುದ್ರಿಸಿದ ಕೀಲಿನ ವಿಷಯದಲ್ಲಿ ಹಳೆಯ ಮೆಟ್ಟಿಲು ಪರೀಕ್ಷೆ ನಡೆಯುವುದಿಲ್ಲ, ಮುರಿದು ನೋಡಿದರೆ ಕೂರಿಸಲು ಕೀಲು ಉಳಿಯುವುದಿಲ್ಲ. ಅಂಥ ಕಡೆ ಅದೇ ಕುಟುಂಬದ ಅತಿ ದುರ್ಬಲ ಆಕಾರವನ್ನು ಲೆಕ್ಕ ಹಾಕಿ ಹುಡುಕಿ, ಅದನ್ನು ಮುದ್ರಿಸಿ ಮುರಿಯುತ್ತಾರೆ. ಪ್ರತಿ ಸಲದ ಮುದ್ರಣದ ಹಲಗೆಯ ಮೇಲೆ ಕೀಲಿನ ಪಕ್ಕದಲ್ಲೇ ಮಾದರಿ ಸರಳುಗಳನ್ನೂ ಬೆಳೆಸಿ, ಅವನ್ನು ಎಳೆದು ನೋಡಿದ ಮೇಲೆ ಕೀಲನ್ನು ಶಸ್ತ್ರಕ್ರಿಯೆಗೆ ಕಳುಹಿಸುತ್ತಾರೆ.